ಲಿಂಕನ್ ಬಾಳಿದ ಊರು: ಸ್ಪ್ರಿಂಗ್‌ಫೀಲ್ಡ್‌ನ ಹಳೇ ಪೇಟೆಯನ್ನು ನಡೆದು ನೋಡುವುದು ಹೇಗೆ

ಊರಿಂದ ಅಪ್ಪ ಅಮ್ಮ ಶಿಕಾಗೋಗೆ ಬಂದಿದ್ದಾರೆ. ನಯಾಗರಾ ಆಯಿತು, ಅರೋರಾದ ಬಾಲಾಜಿ ದೇವಸ್ಥಾನ ಆಯಿತು, ಮಾಲ್‌ಗಳೂ ಆದವು. ಮುಂದಿನ ಶನಿವಾರ ಎಲ್ಲಿಗೆ? ನನ್ನನ್ನು ಕೇಳಿದರೆ ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ, ಸ್ಪ್ರಿಂಗ್‌ಫೀಲ್ಡ್‌ಗೆ ಹೋಗಿ.

ಇಲಿನಾಯ್ ರಾಜ್ಯದ ರಾಜಧಾನಿ ಶಿಕಾಗೋ ಅಲ್ಲ, ಸ್ಪ್ರಿಂಗ್‌ಫೀಲ್ಡ್. ಶಿಕಾಗೋದಿಂದ ನೈರುತ್ಯಕ್ಕೆ ಸುಮಾರು 200 ಮೈಲಿ. ಅಬ್ರಹಾಂ ಲಿಂಕನ್ ಸುಮಾರು 24 ವರ್ಷ ಬಾಳಿದ ಊರು ಇದು. ಮದುವೆ ಆಗಿದ್ದು, ಮನೆ ಕೊಂಡಿದ್ದು, ಮಕ್ಕಳನ್ನು ಬೆಳೆಸಿದ್ದು, ಒಂದು ಮಗುವನ್ನು ಕಳೆದುಕೊಂಡಿದ್ದು ಎಲ್ಲ ಇಲ್ಲೇ. ಆ ಜಾಗಗಳೆಲ್ಲ ಒಂದರಿಂದ ಇನ್ನೊಂದಕ್ಕೆ ನಡೆದು ಹೋಗುವಷ್ಟು ಹತ್ತಿರ ಇವೆ. ಆದರೆ ಯಾವುದನ್ನು ಮೊದಲು ನೋಡುತ್ತೀರಿ ಅನ್ನುವುದು ಬಹಳ ಮುಖ್ಯ.

ಇದನ್ನು ನಾನು ಪೆಟ್ಟು ತಿಂದು ಕಲಿತೆ. ಮೊದಲ ಸಲ ಅತ್ತೆ ಮಾವನ ಜೊತೆ ಹೋದಾಗ ಊರು ಮುಟ್ಟಿದ್ದೇ ಹನ್ನೊಂದು ಗಂಟೆಗೆ. ನೇರ ಮ್ಯೂಸಿಯಂಗೆ ನುಗ್ಗಿದೆವು. ಹೊರಗೆ ಬರುವಷ್ಟರಲ್ಲಿ ಮಕ್ಕಳು ಸುಸ್ತು. ಊಟ ಮುಗಿಸಿ ಲಿಂಕನ್ ಮನೆ ಹತ್ತಿರ ಬಂದರೆ ಆ ದಿನದ ಟಿಕೆಟ್ ಖಾಲಿ. ಮಾವ ಬೇಲಿಯ ಆಚೆ ನಿಂತು ಆ ಮನೆಯನ್ನು ಎಷ್ಟೋ ಹೊತ್ತು ನೋಡಿದರು. ಏನೂ ಅನ್ನಲಿಲ್ಲ. ನನಗೆ ಮಾತ್ರ ವಾಪಸ್ ಬರುವ ಮೂರು ಗಂಟೆ ದಾರಿ ಉದ್ದಕ್ಕೂ ಸಂಕಟ. ಮುಂದಿನ ವರ್ಷ ಅವರು ಬಂದಾಗ ಮತ್ತೆ ಕರೆದುಕೊಂಡು ಹೋದೆ, ಈ ಸಲ ಸರಿಯಾದ ಕ್ರಮದಲ್ಲಿ. ಆ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹೊರಡುವ ಮುಂಚೆ

ಕಾರಲ್ಲಿ ಹೋಗುವವರಿಗೆ ಐ-55 ಹೆದ್ದಾರಿ ನೇರ ದಾರಿ. ಶಿಕಾಗೋ ಕಡೆಯಿಂದ ಮೂರು ಗಂಟೆ ದಾಟುತ್ತದೆ. ಬ್ಲೂಮಿಂಗ್ಟನ್‌ನಲ್ಲಿ ಇರುವ ನಮ್ಮವರಿಗೆ ಒಂದು ಗಂಟೆಯ ಮೇಲೆ ಸ್ವಲ್ಪ, ಅಷ್ಟೇ. ಸೇಂಟ್ ಲೂಯಿಸ್‌ನಿಂದ ಸುಮಾರು 100 ಮೈಲಿ. ಕಾರು ಬೇಡ ಅನ್ನುವವರು ಶಿಕಾಗೋ ಯೂನಿಯನ್ ಸ್ಟೇಷನ್‌ನಲ್ಲಿ ಆಮ್‌ಟ್ರಾಕ್‌ನ 'ಲಿಂಕನ್ ಸರ್ವಿಸ್' ರೈಲು ಹತ್ತಬಹುದು. ಅದು ಡೌನ್‌ಟೌನ್‌ನಲ್ಲೇ ಇಳಿಸುತ್ತದೆ. ವಯಸ್ಸಾದವರಿಗೆ ರೈಲೇ ಆರಾಮ ಅಂತ ನನ್ನ ಅಭಿಪ್ರಾಯ.

ಏಪ್ರಿಲ್ ಕೊನೆಯಿಂದ ಮೇ ಮುಗಿಯುವವರೆಗೆ, ಇಲ್ಲವೇ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್‌ವರೆಗೆ ಹೋಗಿ. ಜುಲೈ, ಆಗಸ್ಟ್‌ನಲ್ಲಿ ಮಂಗಳೂರಿನ ಮೇ ತಿಂಗಳ ಹಾಗೆ ಬೆವರು ಇಳಿಯುತ್ತದೆ. ಅಲ್ಲದೆ ಆಗಸ್ಟ್‌ನಲ್ಲಿ ಇದೇ ಊರಲ್ಲಿ ರಾಜ್ಯದ ದೊಡ್ಡ ಜಾತ್ರೆ, ಅಂದರೆ ಸ್ಟೇಟ್ ಫೇರ್ ನಡೆಯುತ್ತದೆ. ಆಗ ಹೋಟೆಲ್ ರೂಮ್ ಸಿಗುವುದು ಕಷ್ಟ, ಸಿಕ್ಕರೂ ಬೆಲೆ ಜಾಸ್ತಿ.

ಒಂದು ದಿನ ಮುಂಚೆ ಪ್ರತಿಯೊಂದು ಜಾಗದ ವೆಬ್‌ಸೈಟ್ ನೋಡಿ. ಹಳೇ ಕಟ್ಟಡಗಳಲ್ಲಿ ರಿಪೇರಿ ಕೆಲಸ ನಡೆಯುತ್ತಲೇ ಇರುತ್ತದೆ. ಚಳಿಗಾಲದಲ್ಲಿ ಬಾಗಿಲು ತೆಗೆಯುವ ದಿನಗಳೂ ಬದಲಾಗುತ್ತವೆ. ಇದು ಸರ್ಕಾರಿ ನೌಕರರ ಊರು, ಹಾಗಾಗಿ ಭಾನುವಾರ ಪೇಟೆಯ ಎಷ್ಟೋ ತಿಂಡಿ ಅಂಗಡಿಗಳು ಮುಚ್ಚಿರುತ್ತವೆ. ನಾನಂತೂ ಒಂದು ಡಬ್ಬಿ ಚಿತ್ರಾನ್ನ, ಒಂದು ಡಬ್ಬಿ ಮೊಸರನ್ನ ಇಟ್ಟುಕೊಂಡೇ ಹೊರಡುವುದು.

ಊರಿನ ಲೆಕ್ಕ ತಲೆಗೆ ಹತ್ತಿಸಿಕೊಳ್ಳಿ

ದಾರಿ ತಪ್ಪುವ ಭಯ ಬೇಡ. ನಂಬರಿನ ಸ್ಟ್ರೀಟ್‌ಗಳು ಉತ್ತರ-ದಕ್ಷಿಣಕ್ಕೆ ಹೋಗುತ್ತವೆ, ಪೂರ್ವಕ್ಕೆ ಹೋದ ಹಾಗೆ ನಂಬರ್ ಏರುತ್ತದೆ. ಹೆಸರಿನ ಸ್ಟ್ರೀಟ್‌ಗಳು ಪೂರ್ವ-ಪಶ್ಚಿಮಕ್ಕೆ. ಉತ್ತರದಿಂದ ಕೆಳಗೆ ಬಂದರೆ ಮ್ಯಾಡಿಸನ್, ಜೆಫರ್ಸನ್, ವಾಷಿಂಗ್ಟನ್, ಆಡಮ್ಸ್, ಮನ್ರೋ, ಕ್ಯಾಪಿಟಲ್ ಅವೆನ್ಯೂ, ಜಾಕ್ಸನ್. ಅಮೆರಿಕದ ಮೊದಲ ಐದು ಅಧ್ಯಕ್ಷರ ಹೆಸರಂತೂ ಇದರಲ್ಲೇ ಬಂತು, ಕ್ರಮ ಮಾತ್ರ ಬೇರೆ. ಮಕ್ಕಳಿಗೆ ಇದನ್ನು ಹೇಳಿಕೊಟ್ಟರೆ ದಾರಿ ತೋರಿಸುವ ಕೆಲಸ ಅವರೇ ಮಾಡುತ್ತಾರೆ.

ಒಂದು ಅಡ್ಡರಸ್ತೆಯಿಂದ ಇನ್ನೊಂದಕ್ಕೆ ಇರುವ ದೂರವನ್ನು ಇಲ್ಲಿ ಒಂದು ಬ್ಲಾಕ್ ಅಂತಾರೆ. ಕೆಳಗಿನ ಸುತ್ತು ಸುಮಾರು 35 ಬ್ಲಾಕ್ ಆಗುತ್ತದೆ, ಅಂದರೆ ನಾಲ್ಕೂವರೆ ಕಿಲೋಮೀಟರ್ ಆಸುಪಾಸು. ಏರು ತಗ್ಗು ಅಷ್ಟೇನೂ ಇಲ್ಲ.

ಹಂತ 1: ಬೆಳಿಗ್ಗೆ ಮೊದಲ ಕೆಲಸ, ಲಿಂಕನ್ ಮನೆ

7ನೇ ಸ್ಟ್ರೀಟ್‌ನಲ್ಲಿರುವ ವಿಸಿಟರ್ ಸೆಂಟರ್‌ಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ. ಕಾರು ನಿಲ್ಲಿಸಲು ದುಡ್ಡು ಕೊಡಬೇಕು. ಮನೆ ನೋಡಲು ಒಂದು ಪೈಸೆಯೂ ಬೇಡ. ಕೌಂಟರ್‌ನಲ್ಲಿ ಗಂಟೆ ಬರೆದ ಉಚಿತ ಟಿಕೆಟ್ ಕೊಡುತ್ತಾರೆ. ಟಾಯ್ಲೆಟ್‌ಗೆ ಇಲ್ಲೇ ಹೋಗಿ ಬನ್ನಿ.

ಉಚಿತ ಯಾಕೆ ಅನ್ನುವುದಕ್ಕೂ ಒಂದು ಕಥೆ ಇದೆ. ಲಿಂಕನ್ ಅವರ ಹಿರಿಯ ಮಗ ರಾಬರ್ಟ್ 1887ರಲ್ಲಿ ಈ ಮನೆಯನ್ನು ರಾಜ್ಯಕ್ಕೆ ಬರೆದುಕೊಟ್ಟರು. ಮನೆಯನ್ನು ಚೆನ್ನಾಗಿ ನೋಡಿಕೊಳ್ಳಬೇಕು, ನೋಡಲು ಬರುವವರ ಹತ್ತಿರ ದುಡ್ಡು ಕೇಳಬಾರದು ಅನ್ನುವುದು ಅವರ ಷರತ್ತು. ಆ ಮಾತು ಇವತ್ತಿಗೂ ನಡೆಯುತ್ತಿದೆ. ಈಗ ರಾಷ್ಟ್ರೀಯ ಉದ್ಯಾನ ಇಲಾಖೆ ಮನೆಯ ಜೊತೆಗೆ ಸುತ್ತಲಿನ ನಾಲ್ಕು ಬ್ಲಾಕ್‌ಗಳನ್ನೂ ನೋಡಿಕೊಳ್ಳುತ್ತದೆ. ಕಾರುಗಳಿಗೆ ಪ್ರವೇಶ ಇಲ್ಲ. ಕಾಲ ಕೆಳಗೆ ಜಲ್ಲಿ ರಸ್ತೆ, ಪಕ್ಕದಲ್ಲಿ ಮರದ ಹಲಗೆಯ ಕಾಲುದಾರಿ. ನಡೆದರೆ ಹಲಗೆ ಟಕ್ ಟಕ್ ಅನ್ನುತ್ತದೆ. ಮಳೆ ಬಂದಿದ್ದರೆ ಹಲಗೆ ಜಾರಬಹುದು, ಹಿರಿಯರ ಕೈ ಹಿಡಿದುಕೊಳ್ಳಿ.

8ನೇ ಸ್ಟ್ರೀಟ್ ಮತ್ತು ಜಾಕ್ಸನ್ ಸ್ಟ್ರೀಟ್ ಸೇರುವ ಮೂಲೆಯಲ್ಲಿ, ಕಂದು ಬಣ್ಣ, ಹಸಿರು ಕಿಟಕಿ ಬಾಗಿಲಿನ ಮನೆ. 1844ರಲ್ಲಿ ಪಾದ್ರಿ ಚಾರ್ಲ್ಸ್ ಡ್ರೆಸರ್ ಅವರಿಂದ ಲಿಂಕನ್ ಕೊಂಡರು. 1,200 ಡಾಲರ್ ನಗದು, ಜೊತೆಗೆ 300 ಡಾಲರ್ ಬೆಲೆಯ ಒಂದು ಸೈಟು. ಎರಡು ವರ್ಷ ಹಿಂದೆ ಲಿಂಕನ್ ಮತ್ತು ಮೇರಿಯ ಮದುವೆ ಮಾಡಿಸಿದ್ದೂ ಇದೇ ಪಾದ್ರಿ. ಆಗ ಇದು ಚಿಕ್ಕ ಮನೆ. ಮೇಲಿನ ಮಹಡಿಯನ್ನು ಪೂರ್ತಿ ಎತ್ತಿ ಕಟ್ಟಿಸಿದ್ದು 1856ರಲ್ಲಿ. ಅವರು ಕೊಂಡ ಮನೆ ಇದೊಂದೇ.

ರೇಂಜರ್ ಜೊತೆ ಗುಂಪಾಗಿ ಒಳಗೆ ಹೋಗುತ್ತೀರಿ. ಮೊದಲು ಮುಂದಿನ ಕೋಣೆ. 1860ರ ಮೇ ತಿಂಗಳಲ್ಲಿ ಪಕ್ಷದ ನಿಯೋಗ ಬಂದು, ಅಧ್ಯಕ್ಷ ಸ್ಥಾನಕ್ಕೆ ನಿಮ್ಮನ್ನೇ ಅಭ್ಯರ್ಥಿ ಮಾಡಿದ್ದೇವೆ ಅಂತ ಹೇಳಿದ್ದು ಇದೇ ಕೋಣೆಯಲ್ಲಿ. ಅಂಥ ಸುದ್ದಿ ತಂದವರಿಗೆ ಲಿಂಕನ್ ಕೊಟ್ಟಿದ್ದು ಮದ್ಯ ಅಲ್ಲ, ತಣ್ಣನೆ ನೀರು. ಇದನ್ನು ಕೇಳಿ ನನ್ನ ಅತ್ತೆಗೆ ಬಹಳ ಖುಷಿ. 'ಮನೆಗೆ ಬಂದವರಿಗೆ ಮೊದಲು ನೀರು, ನಮ್ಮ ಕಡೆ ಹಾಗೇ ಅಲ್ವಾ' ಅಂದರು.

ಮಹಡಿಗೆ ಹತ್ತುವಾಗ ಒಂದು ನಿಮಿಷ ಗಮನ ಕೊಡಿ. ಈ ಮನೆಯಲ್ಲಿ ಕಂಡಿದ್ದನ್ನೆಲ್ಲ ಮುಟ್ಟುವಂತಿಲ್ಲ. ಆದರೆ ಮೆಟ್ಟಿಲಿನ ಪಕ್ಕ ಹಿಡಿದುಕೊಳ್ಳುವ ಮರದ ಕಂಬಿ ಲಿಂಕನ್ ಕಾಲದ್ದೇ. ಅದನ್ನು ಹಿಡಿದುಕೊಂಡೇ ಹತ್ತಿ ಅಂತ ರೇಂಜರ್ ಹೇಳುತ್ತಾರೆ. ಮರ ಕೈಗೆ ನುಣ್ಣಗೆ, ಸ್ವಲ್ಪ ತಣ್ಣಗೆ ಸಿಗುತ್ತದೆ. ಅಜ್ಜನ ಮನೆಯ ಅಟ್ಟದ ಏಣಿ ಸವೆದು ನುಣ್ಣಗಾಗಿರುತ್ತದಲ್ಲ, ಹಾಗೆ. ಆರಡಿ ನಾಲ್ಕಂಗುಲದ ಆ ಮನುಷ್ಯ ರಾತ್ರಿ ದೀಪ ಹಿಡಿದು ಇದನ್ನೇ ಹಿಡಿದು ಹತ್ತಿದ್ದರು. ಮಾವ ಕೊನೆ ಮೆಟ್ಟಿಲವರೆಗೆ ಕೈ ತೆಗೆಯಲಿಲ್ಲ. ಮೆಟ್ಟಿಲು ಹತ್ತಲು ಆಗದವರು ಇದ್ದರೆ ರೇಂಜರ್‌ಗೆ ಮೊದಲೇ ತಿಳಿಸಿ, ಕೆಳಗಿನ ಕೋಣೆಗಳನ್ನು ನಿಧಾನವಾಗಿ ನೋಡಬಹುದು.

ಮೇಲೆ ಲಿಂಕನ್ ಮಲಗುವ ಕೋಣೆ ಇದೆ. ಗೋಡೆಗೆ ಕಣ್ಣು ಕುಕ್ಕುವಂಥ ಚಿತ್ತಾರದ ಕಾಗದ, ಬರೆಯಲು ಒಂದು ಪುಟ್ಟ ಮೇಜು. ಅಷ್ಟು ಎತ್ತರದ ಆಳಿಗೆ ಅಷ್ಟು ಚಿಕ್ಕ ಮೇಜು ನೋಡಿ ಮಕ್ಕಳು ಬೆರಗಾಗುತ್ತಾರೆ. ಎರಡನೇ ಮಗ ಎಡ್ಡಿ ತೀರಿಕೊಂಡಿದ್ದು ಈ ಮನೆಯಲ್ಲೇ, 1850ರ ಫೆಬ್ರವರಿಯಲ್ಲಿ. ಇನ್ನೂ ನಾಲ್ಕು ವರ್ಷ ತುಂಬಿರಲಿಲ್ಲ. ಆಮೇಲೆ ವಿಲ್ಲಿ, ಟ್ಯಾಡ್ ಹುಟ್ಟಿದ್ದೂ ಇಲ್ಲೇ. ಎಡ್ಡಿಯ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಮಕ್ಕಳ ಮಾತು ಬಂದಾಗ ಇನ್ನೊಂದನ್ನು ಹೇಳಲೇಬೇಕು. ಮಗನ ಮೇಷ್ಟರಿಗೆ ಲಿಂಕನ್ ಬರೆದ ಪತ್ರ ಅಂತ ನಮ್ಮ ಎಷ್ಟೋ ಶಾಲೆಗಳ ಗೋಡೆ ಮೇಲೆ ಒಂದು ಬರಹ ಇರುತ್ತದೆ. ಚೆಂದದ ಬರಹ, ನಾನೂ ಬಾಯಿಪಾಠ ಮಾಡಿದ್ದೆ. ಆದರೆ ಅದನ್ನು ಲಿಂಕನ್ ಬರೆದರು ಅನ್ನುವುದಕ್ಕೆ ಯಾವ ದಾಖಲೆಯೂ ಇಲ್ಲ. ನಿಜವಾದ ಲಿಂಕನ್ ಮಕ್ಕಳನ್ನು ತೀರಾ ಸಡಿಲ ಬಿಟ್ಟ ಅಪ್ಪ. ಅದರ ಕಥೆ ಅವರ ಕಚೇರಿಗೆ ಹೋದಾಗ ಹೇಳುತ್ತೇನೆ.

ಹಂತ 2: ನೆರೆಮನೆಯ ಜೆಂಕಿನ್ಸ್, ಆಮೇಲೆ ರೈಲು ಡಿಪೋ

ಹೆಚ್ಚಿನವರು ಮನೆ ನೋಡಿ ಕಾರು ಹತ್ತಿಬಿಡುತ್ತಾರೆ. ನೀವು ಹಾಗೆ ಮಾಡಬೇಡಿ. 8ನೇ ಸ್ಟ್ರೀಟ್‌ನಲ್ಲೇ ದಕ್ಷಿಣಕ್ಕೆ ನಾಲ್ಕು ಹೆಜ್ಜೆ ಹೋಗಿ. ಒಂದು ಖಾಲಿ ಜಾಗ, ಅದರ ಮುಂದೆ ಒಂದು ಫಲಕ. ಇಲ್ಲಿ ಜೇಮ್ಸನ್ ಜೆಂಕಿನ್ಸ್ ಇದ್ದರು. ಕಪ್ಪು ಜನಾಂಗದವರು, ಗಾಡಿ ಹೊಡೆದು ಬದುಕುತ್ತಿದ್ದರು. ದಕ್ಷಿಣದ ರಾಜ್ಯಗಳಿಂದ ತಪ್ಪಿಸಿಕೊಂಡು ಬಂದ ಗುಲಾಮರನ್ನು ಗುಟ್ಟಾಗಿ ಮುಂದಕ್ಕೆ ದಾಟಿಸಿದವರು. 1850ರಲ್ಲಿ ಅಂಥ ಒಂದು ಗುಂಪನ್ನು ಪಾರು ಮಾಡುವುದರಲ್ಲಿ ಅವರ ಕೈ ಇತ್ತು. ಸಿಕ್ಕಿಬಿದ್ದಿದ್ದರೆ ಕಾನೂನು ಅವರನ್ನು ಬಿಡುತ್ತಿರಲಿಲ್ಲ. ಲಿಂಕನ್ ಅಧ್ಯಕ್ಷರಾಗಿ ಊರು ಬಿಡುವಾಗ ಸ್ಟೇಷನ್‌ಗೆ ಗಾಡಿಯಲ್ಲಿ ಕರೆದುಕೊಂಡು ಹೋದವರು ಇವರೇ. ಗುಲಾಮಗಿರಿ ಅನ್ನುವುದು ಲಿಂಕನ್‌ಗೆ ಎಲ್ಲೋ ದೂರದ ಸುದ್ದಿ ಆಗಿರಲಿಲ್ಲ, ಅದೇ ಬೀದಿಯ ನೆರೆಯವರ ಮಾತಾಗಿತ್ತು. ಇದು ಗೊತ್ತಾಗಲು ಆ ಖಾಲಿ ಜಾಗದ ಮುಂದೆ ಎರಡು ನಿಮಿಷ ನಿಂತರೆ ಸಾಕು.

ಅಲ್ಲಿಂದ ಪೂರ್ವಕ್ಕೆ ಎರಡು ಬ್ಲಾಕ್, ಉತ್ತರಕ್ಕೆ ಎರಡು ಬ್ಲಾಕ್ ನಡೆಯಿರಿ. 10ನೇ ಸ್ಟ್ರೀಟ್ ಮತ್ತು ಮನ್ರೋ ಹತ್ತಿರ ಇಟ್ಟಿಗೆಯ ಕಟ್ಟಡ, ಅದೇ ಡಿಪೋ, ಅಂದರೆ ಲಿಂಕನ್ ರೈಲು ಹತ್ತಿದ ಆ ಹಳೇ ಸ್ಟೇಷನ್. 1968ರಲ್ಲಿ ಬೆಂಕಿ ಬಿದ್ದಿತ್ತು, ಆಮೇಲೆ ಸರಿಪಡಿಸಿದರು. ಒಳಗೆ ಹೋಗಲು ಆಗದಿದ್ದರೂ ಚಿಂತೆ ಇಲ್ಲ. ಇಲ್ಲಿ ನೋಡುವುದಕ್ಕಿಂತ ನಿಲ್ಲುವುದೇ ಮುಖ್ಯ.

1861ರ ಫೆಬ್ರವರಿ 11. ಮಾರನೇ ದಿನ ಲಿಂಕನ್‌ಗೆ 52 ತುಂಬಬೇಕು. ಮಳೆ, ಚಳಿಯ ಬೆಳಗು. ಮನೆಯನ್ನು ಬಾಡಿಗೆಗೆ ಕೊಟ್ಟಾಗಿತ್ತು, ಸಾಮಾನು ಮಾರಿಯಾಗಿತ್ತು. ನಾಯಿ ಫಿಡೋಗೆ ಗಲಾಟೆ, ಗಂಟೆ ಸದ್ದು ಅಂದರೆ ಹೆದರಿಕೆ, ಅದಕ್ಕೇ ಅದನ್ನು ಪರಿಚಯದ ಮನೆಯ ಹುಡುಗರಿಗೆ ಒಪ್ಪಿಸಿದ್ದರು. ಬೀಳ್ಕೊಡಲು ಜನ ಸೇರಿದ್ದರು. ರೈಲಿನ ಹಿಂಬದಿ ನಿಂತು ಲಿಂಕನ್ ಒಂದೆರಡು ನಿಮಿಷ ಮಾತಾಡಿದರು, ಬರೆದುಕೊಂಡು ಬಂದಿರಲಿಲ್ಲ. ಇಲ್ಲಿ ಕಾಲು ಶತಮಾನ ಬಾಳಿದೆ, ಯುವಕನಾಗಿ ಬಂದವನು ಮುದುಕನಾದೆ, ನನ್ನ ಮಕ್ಕಳು ಹುಟ್ಟಿದ್ದು ಇಲ್ಲೇ, ಒಬ್ಬನನ್ನು ಮಣ್ಣು ಮಾಡಿದ್ದೂ ಇಲ್ಲೇ, ಈಗ ಹೊರಟಿದ್ದೇನೆ, ಯಾವಾಗ ಮರಳುತ್ತೇನೋ, ಮರಳುತ್ತೇನೋ ಇಲ್ಲವೋ ಗೊತ್ತಿಲ್ಲ ಅಂದರು. ಆ ಒಬ್ಬ ಅಂದರೆ ಎಡ್ಡಿ. ರೈಲು ಹೊರಟ ಮೇಲೆ ಆ ಮಾತುಗಳನ್ನು ಬರೆಯಲು ಕೂತರು. ಬೋಗಿ ಕುಲುಕಿ ಅಕ್ಷರ ಸೊಟ್ಟಗಾಗಿ, ಉಳಿದಿದ್ದನ್ನು ಕಾರ್ಯದರ್ಶಿ ಜಾನ್ ನಿಕೋಲೆ ಬರೆದುಕೊಂಡರು.

ಆ ಮಾತನ್ನು ಇದೇ ಜಾಗದಲ್ಲಿ ಮನೆಯವರಿಗೆ ಗಟ್ಟಿಯಾಗಿ ಓದಿ ಹೇಳಿ. ಫೋನ್‌ನಲ್ಲಿ ಇಟ್ಟುಕೊಂಡು ಹೋಗಿ. ಮನೆ ನೋಡಿ ಬಂದ ಕಾಲು ಗಂಟೆಗೇ ಇದನ್ನು ಕೇಳಿದರೆ ಹೇಗೆ ನಾಟುತ್ತದೆ ಅನ್ನುವುದು ಕೇಳಿದವರಿಗೇ ಗೊತ್ತು. ಮ್ಯೂಸಿಯಂಗೆ ಮೊದಲು ಹೋಗಬೇಡಿ ಅಂತ ನಾನು ಹಟ ಮಾಡುವುದು ಇದಕ್ಕೇ.

ಹಂತ 3: 1908ರ ಗಾಯ

10ನೇ ಸ್ಟ್ರೀಟ್ ಕಡೆಯಿಂದಲೇ ಉತ್ತರಕ್ಕೆ ನಾಲ್ಕು ಬ್ಲಾಕ್ ನಡೆದರೆ ಮ್ಯಾಡಿಸನ್ ಸ್ಟ್ರೀಟ್. ಈ ತುಂಡು ದಾರಿ ಚೆಂದ ಇಲ್ಲ. ರೈಲು ಹಳಿ, ಆಸ್ಪತ್ರೆಯ ಕಟ್ಟಡಗಳು. ಆದರೂ ಬಿಡಬೇಡಿ.

1908ರ ಆಗಸ್ಟ್ 14ರಂದು ಇಬ್ಬರು ಕಪ್ಪು ಕೈದಿಗಳನ್ನು ನಮಗೆ ಒಪ್ಪಿಸಿ ಅಂತ ಬಿಳಿಯರ ಗುಂಪು ಜೈಲಿನ ಮುಂದೆ ಸೇರಿತು. ಷೆರಿಫ್ ಅವರನ್ನು ಗುಟ್ಟಾಗಿ ಬೇರೆ ಊರಿಗೆ ಸಾಗಿಸಿದ್ದರು. ಸಿಟ್ಟಿಗೆದ್ದ ಗುಂಪು ಕಪ್ಪು ಜನರ ಅಂಗಡಿ ಮನೆಗಳಿಗೆ ನುಗ್ಗಿ ಬೆಂಕಿ ಇಟ್ಟಿತು. ಸ್ಕಾಟ್ ಬರ್ಟನ್ ಅನ್ನುವ ಕ್ಷೌರಿಕರನ್ನು ಕೊಂದರು. ಮಾರನೇ ರಾತ್ರಿ 80 ದಾಟಿದ ವಿಲಿಯಂ ಡಾನೆಗನ್ ಅನ್ನುವ ಚಮ್ಮಾರರನ್ನು ಅವರ ಮನೆಯಿಂದಲೇ ಎಳೆದು ಕೊಂದರು. ಆ ಕೈದಿಗಳಲ್ಲಿ ಒಬ್ಬರ ಮೇಲೆ ಅತ್ಯಾಚಾರದ ಆರೋಪ ಹೊರಿಸಿದ್ದ ಹೆಂಗಸು, ತಾನು ಹೇಳಿದ್ದು ಸುಳ್ಳು ಅಂತ ಆಮೇಲೆ ಒಪ್ಪಿಕೊಂಡಳು.

ಲಿಂಕನ್ ಊರಲ್ಲೇ ಹೀಗಾಯಿತಲ್ಲ ಅಂತ ದೇಶ ಬೆಚ್ಚಿತು. ಆರು ತಿಂಗಳೊಳಗೆ, 1909ರ ಫೆಬ್ರವರಿ 12ರಂದು, ಲಿಂಕನ್ ಹುಟ್ಟಿ ನೂರು ವರ್ಷ ತುಂಬಿದ ದಿನ, ಕಪ್ಪು ಜನರ ಹಕ್ಕಿಗಾಗಿ ಎನ್‌ಎಎಸಿಪಿ ಸಂಘ ಹುಟ್ಟಿತು. ಈಚೆಗೆ ರೈಲು ಹಳಿ ಕೆಲಸಕ್ಕೆ ನೆಲ ಅಗೆದಾಗ ಸುಟ್ಟ ಮನೆಗಳ ತಳಪಾಯ ಸಿಕ್ಕಿತು. 2024ರ ಆಗಸ್ಟ್ 16ರಂದು ಅಧ್ಯಕ್ಷ ಬೈಡನ್ ಈ ಜಾಗವನ್ನು ರಾಷ್ಟ್ರೀಯ ಸ್ಮಾರಕ ಅಂತ ಘೋಷಿಸಿದರು.

ಅಲ್ಲಿಂದ ಪಶ್ಚಿಮಕ್ಕೆ ನಾಲ್ಕು ಬ್ಲಾಕ್ ಬಂದರೆ ಯೂನಿಯನ್ ಸ್ಕ್ವೇರ್ ಪಾರ್ಕ್. ಅಲ್ಲಿ ಪ್ರೆಸ್ಟನ್ ಜಾಕ್ಸನ್ ಮಾಡಿದ ಕಂಚಿನ ಶಿಲ್ಪ ಇದೆ. ಸುಟ್ಟ ಮನೆಗಳಲ್ಲಿ ಉಳಿದ ಚಿಮಣಿಗಳ ಹಾಗೆ ಎದ್ದು ನಿಂತಿದೆ. ಸುತ್ತ ಬಂದು ಹತ್ತಿರದಿಂದ ನೋಡಿ.

ಹಂತ 4: ಮ್ಯೂಸಿಯಂ

ಪಾರ್ಕ್‌ನ ಎದುರಿಗೇ, 6ನೇ ಸ್ಟ್ರೀಟ್ ಮತ್ತು ಜೆಫರ್ಸನ್ ಮೂಲೆಯಲ್ಲಿ, ಲಿಂಕನ್ ಮ್ಯೂಸಿಯಂ. 2005ರಲ್ಲಿ ಶುರುವಾಯಿತು. ಇಲ್ಲಿ ಟಿಕೆಟ್‌ಗೆ ದುಡ್ಡು ಕೊಡಬೇಕು. ಎರಡು ಗಂಟೆ ಇಟ್ಟುಕೊಳ್ಳಿ. ಒಂದು ಕಡೆ ಬಾಲ್ಯದ ಮರದ ಗುಡಿಸಲಿನಿಂದ ಶುರು, ಇನ್ನೊಂದು ಕಡೆ ವೈಟ್‌ಹೌಸ್ ವರ್ಷಗಳು. ಗುಲಾಮರ ಹರಾಜಿನಲ್ಲಿ ಒಂದು ಸಂಸಾರವನ್ನು ಬೇರೆ ಮಾಡುವ ದೃಶ್ಯ ಇದೆ, ತೀರಾ ಚಿಕ್ಕ ಮಕ್ಕಳಿದ್ದರೆ ಮೊದಲೇ ಒಂದು ಮಾತು ಹೇಳಿಡಿ.

ಸುಸ್ತಾಗಿದ್ದರೆ ಉಳಿದಿದ್ದನ್ನು ಬೇಗ ದಾಟಿ, ನಾಲ್ಕು ನಿಮಿಷದ ಯುದ್ಧದ ನಕ್ಷೆಯನ್ನು ಮಾತ್ರ ಬಿಡಬೇಡಿ. ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳ ನಡುವಿನ ನಾಲ್ಕು ವರ್ಷದ ಅಂತರ್ಯುದ್ಧವನ್ನು ಒಂದು ಸೆಕೆಂಡಿಗೆ ಒಂದು ವಾರದಂತೆ ತೋರಿಸುತ್ತಾರೆ. ಮೂಲೆಯಲ್ಲಿ ಸಾವು ನೋವಿನ ಲೆಕ್ಕ ಏರುತ್ತಲೇ ಹೋಗುತ್ತದೆ. 'ಪ್ರಜೆಗಳಿಂದ, ಪ್ರಜೆಗಳಿಗಾಗಿ, ಪ್ರಜೆಗಳೇ ನಡೆಸುವ ಸರ್ಕಾರ' ಅಂತ ನಾವು ಶಾಲೆಯಲ್ಲಿ ಉರು ಹೊಡೆದ ಮಾತು ಬಂದಿದ್ದು ಲಿಂಕನ್‌ರ ಗೆಟಿಸ್‌ಬರ್ಗ್ ಭಾಷಣದಿಂದ. ಅವರ ಕೈಬರಹದ ಐದು ಪ್ರತಿಗಳು ಉಳಿದಿವೆ. ಅದರಲ್ಲಿ ಒಂದು ಇದೇ ಸಂಸ್ಥೆಯ ಹತ್ತಿರ ಇದೆ.

ಹಂತ 5: ಹಳೇ ವಿಧಾನಸೌಧ

6ನೇ ಸ್ಟ್ರೀಟ್ ಹಿಡಿದು ದಕ್ಷಿಣಕ್ಕೆ ಇಳಿಯಿರಿ. ವಾಷಿಂಗ್ಟನ್ ದಾಟಿದ ಕೂಡಲೇ ಬಲಗಡೆ ದೊಡ್ಡ ಚೌಕ, ನಡುವೆ ಜೇನು ಬಣ್ಣದ ಕಲ್ಲಿನ ಕಟ್ಟಡ, ದಪ್ಪ ಕಂಬಗಳು, ಮೇಲೆ ಕೆಂಪು ಗುಮ್ಮಟ. ಇದು ಓಲ್ಡ್ ಸ್ಟೇಟ್ ಕ್ಯಾಪಿಟಲ್, ನಮ್ಮ ಮಾತಲ್ಲಿ ಹಳೇ ವಿಧಾನಸೌಧ. ರಾಜಧಾನಿ ಮೊದಲು ವಂಡಾಲಿಯಾದಲ್ಲಿತ್ತು. 1837ರಲ್ಲಿ ಅದನ್ನು ಸ್ಪ್ರಿಂಗ್‌ಫೀಲ್ಡ್‌ಗೆ ತಂದವರು ಈ ಕಡೆಯ ಒಂಬತ್ತು ಜನ ಶಾಸಕರು. ಎಲ್ಲರೂ ಉದ್ದಾಳುಗಳು, ಸಾಲಾಗಿ ಮಲಗಿಸಿದರೆ 54 ಅಡಿ ಅಂತ ಲೆಕ್ಕ. 'ಉದ್ದನೆಯ ಒಂಬತ್ತು' ಅಂತಲೇ ಹೆಸರಾಗಿದ್ದ ಅವರಲ್ಲಿ ಲಿಂಕನ್ ಕೂಡ ಒಬ್ಬರು.

ಒಳಗೆ ಹೋಗುವ ಮುಂಚೆ ಗೋಡೆಯ ಹತ್ತಿರ ನಿಂತು ಕಲ್ಲುಗಳನ್ನು ನೋಡಿ. ರಾಜ್ಯ 1876ರಲ್ಲಿ ಹೊಸ ಕಟ್ಟಡಕ್ಕೆ ಹೋದ ಮೇಲೆ ಇದು ಕೌಂಟಿ ಕೋರ್ಟ್ ಆಯಿತು. ಜಾಗ ಸಾಲದೆ ಇಡೀ ಕಟ್ಟಡವನ್ನೇ ಮೇಲಕ್ಕೆತ್ತಿ ಕೆಳಗೆ ಒಂದು ಮಹಡಿ ಸೇರಿಸಿದರು. 1960ರ ದಶಕದಲ್ಲಿ ಲಿಂಕನ್ ಕಾಲದ ರೂಪಕ್ಕೆ ತರಬೇಕು ಅಂತ ನಿರ್ಧಾರವಾಯಿತು. ಒಂದೊಂದು ಕಲ್ಲಿಗೂ ನಂಬರ್ ಹಾಕಿ ಬಿಚ್ಚಿದರು. ಜಾತ್ರೆ ಮೈದಾನದಲ್ಲಿ ಪೇರಿಸಿಟ್ಟರು. ನೆಲದಡಿ ಪಾರ್ಕಿಂಗ್ ಕಟ್ಟಿ, ಅದರ ಮೇಲೆ ಅವೇ ಕಲ್ಲುಗಳನ್ನು ಮತ್ತೆ ಜೋಡಿಸಿದರು. ಮುಳುಗಡೆ ಆಗುವ ಊರಿನ ಗುಡಿಯನ್ನು ನಮ್ಮಲ್ಲಿ ಕಲ್ಲು ಕಲ್ಲಾಗಿ ಬಿಚ್ಚಿ ಬೇರೆ ಕಡೆ ಕಟ್ಟುತ್ತಾರಲ್ಲ, ಹಾಗೇ. ಹಾಗಾಗಿ ಹೊರಗಿನ ಕಲ್ಲು ಹಳೆಯದು, ಒಳಗಿನ ಕೋಣೆಗಳು ಹೊಸದಾಗಿ ಕಟ್ಟಿದವು. ಇದು ಗೊತ್ತಿದ್ದು ನೋಡಿದರೆ ಒಳ್ಳೆಯದು.

ಮೇಲಿನ ಸಭಾಂಗಣದಲ್ಲಿ ಸ್ವಲ್ಪ ಹೊತ್ತು ಕಳೆಯಿರಿ. 1858ರ ಜೂನ್ 16ರಂದು, ತನ್ನೊಳಗೇ ಒಡೆದ ಮನೆ ನಿಲ್ಲಲಾರದು, ಅರ್ಧ ಗುಲಾಮಗಿರಿ ಅರ್ಧ ಸ್ವಾತಂತ್ರ್ಯ ಇಟ್ಟುಕೊಂಡು ಈ ದೇಶ ಬಹಳ ದಿನ ಬಾಳಲಾರದು ಅಂತ ಲಿಂಕನ್ ಹೇಳಿದ ಸಭೆ ಇದು. ಏಳು ವರ್ಷದ ಮೇಲೆ, 1865ರ ಮೇ 3 ಮತ್ತು 4ರಂದು, ಇದೇ ಸಭಾಂಗಣದಲ್ಲಿ ಅವರ ದೇಹ ಇಟ್ಟಿದ್ದರು. ಸುಮಾರು 75,000 ಜನ ರಾತ್ರಿಯಿಡೀ ಸಾಲುಗಟ್ಟಿ ನೋಡಿದರು. ಡಿಪೋದಲ್ಲಿ ಹೊರಟ ಮನುಷ್ಯ ಊರಿಗೆ ಮರಳಿದ್ದು ಹೀಗೆ.

2007ರ ಫೆಬ್ರವರಿಯ ಕೊರೆಯುವ ಚಳಿಯಲ್ಲಿ ಬರಾಕ್ ಒಬಾಮಾ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸುತ್ತೇನೆ ಅಂತ ಘೋಷಿಸಿದ್ದೂ ಇದೇ ಕಟ್ಟಡದ ಮುಂದೆ.

ಚೌಕದ ಆಚೆ, 6ನೇ ಸ್ಟ್ರೀಟ್ ಮತ್ತು ಆಡಮ್ಸ್ ಮೂಲೆಯಲ್ಲಿ ಲಿಂಕನ್ ವಕೀಲಿ ಮಾಡಿದ ಇಟ್ಟಿಗೆ ಕಟ್ಟಡ ಇದೆ. ಮೂರನೇ ಅಂತಸ್ತಿನಲ್ಲಿ ಕಚೇರಿ. ಮುಚ್ಚಿದ್ದರೆ ಹೊರಗಿಂದಲೇ ಮೇಲೆ ನೋಡಿ. ಮಕ್ಕಳ ಕಥೆ ಹೇಳುತ್ತೇನೆ ಅಂದಿದ್ದೆ. ಭಾನುವಾರ ಲಿಂಕನ್ ತಮ್ಮ ಹುಡುಗರನ್ನು ಕಚೇರಿಗೆ ಕರೆತರುತ್ತಿದ್ದರು. ಅವರು ಪುಸ್ತಕ ಎಳೆದುಹಾಕಿ, ಶಾಯಿ ಚೆಲ್ಲಿ, ಕಾಗದ ಹರಡಿದರೂ ಅಪ್ಪನಿಗೆ ಪರಿವೆಯೇ ಇಲ್ಲ. ಅವರ ಕತ್ತು ಹಿಸುಕಬೇಕು ಅನ್ನಿಸುತ್ತಿತ್ತು, ಲಿಂಕನ್ ಮುಖ ನೋಡಿ ಸುಮ್ನಿದ್ದೆ ಅನ್ನುವ ಅರ್ಥದಲ್ಲಿ ಪಾಲುದಾರ ವಿಲಿಯಂ ಹರ್ನ್‌ಡನ್ ಬರೆದಿಟ್ಟಿದ್ದಾರೆ. ಆಮೇಲೆ ಕಚೇರಿ ಚೌಕದ ಇನ್ನೊಂದು ಬದಿಗೆ ಹೋಯಿತು. ಊರು ಬಿಡುವ ಮುಂಚೆ ಅಲ್ಲಿಗೆ ಬಂದ ಲಿಂಕನ್, ಬೋರ್ಡು ಹಾಗೇ ಇರಲಿ, ಬದುಕಿದ್ದರೆ ಬಂದು ಏನೂ ಆಗಿಲ್ಲವೇನೋ ಅನ್ನುವಂತೆ ಮತ್ತೆ ವಕೀಲಿ ಶುರು ಮಾಡೋಣ ಅಂದಿದ್ದರಂತೆ.

ಊಟ

ಈ ಊರಿನದೇ ಒಂದು ತಿನಿಸು ಇದೆ, ಹಾರ್ಸ್‌ಶೂ. 1928ರಲ್ಲಿ ಇಲ್ಲಿನ ಲೀಲೆಂಡ್ ಹೋಟೆಲ್‌ನಲ್ಲಿ ಹುಟ್ಟಿತು. ದಪ್ಪ ಟೋಸ್ಟ್ ಮೇಲೆ ಮಾಂಸ, ಅದರ ಮೇಲೆ ಫ್ರೆಂಚ್ ಫ್ರೈಸ್ ರಾಶಿ, ಎಲ್ಲದರ ಮೇಲೆ ಬಿಸಿ ಚೀಸ್ ಸಾಸ್. ಅರ್ಧ ಪ್ಲೇಟಿಗೆ 'ಪೋನಿ ಶೂ' ಅಂತಾರೆ, ಒಬ್ಬರಿಗೆ ಅದೇ ಸಾಕು. ಸಸ್ಯಾಹಾರಿಗಳು ತರಕಾರಿ ಪ್ಯಾಟಿ ಹಾಕಿಸಿಕೊಳ್ಳಬಹುದು, ಆದರೆ ಸಾಸ್ ಬಗ್ಗೆ ಕೇಳಿ. ಅದರಲ್ಲಿ ಬಿಯರ್ ಇರುವುದುಂಟು, ಮೀನು ಸೇರಿಸಿ ಮಾಡುವ ವೂಸ್ಟರ್ ಸಾಸ್ ಕೂಡ ಇರುವುದುಂಟು. ಸುಮ್ನೆ ಕೇಳದೆ ತಿಂದು ಆಮೇಲೆ ಬೇಜಾರಾಗುವುದು ಬೇಡ. ಡಬ್ಬಿ ತಂದವರಿಗೆ ಚೌಕದ ಬೆಂಚುಗಳಿವೆ.

ಹಂತ 6: ಹೊಸ ಕ್ಯಾಪಿಟಲ್

ಪಶ್ಚಿಮಕ್ಕೆ ನಾಲ್ಕು, ದಕ್ಷಿಣಕ್ಕೆ ಎರಡು ಬ್ಲಾಕ್. ಗುಮ್ಮಟ ದೂರದಿಂದಲೇ ಕಾಣುತ್ತದೆ. 361 ಅಡಿ ಎತ್ತರ, ವಾಷಿಂಗ್ಟನ್‌ನಲ್ಲಿರುವ ದೇಶದ ಕ್ಯಾಪಿಟಲ್‌ಗಿಂತ ಎತ್ತರ. 1868ರಲ್ಲಿ ಶುರುವಾಗಿ 1888ಕ್ಕೆ ಮುಗಿಯಿತು. ಮುಂದೆ ಟೋಪಿ ಇಲ್ಲದೆ ನಿಂತ ಲಿಂಕನ್ ಪ್ರತಿಮೆ ಇದೆ, 1918ರದ್ದು. ಅದರ ಹಿಂದಿನ ಕಲ್ಲಿನ ಮೇಲೆ ಬೆಳಿಗ್ಗೆ ನೀವು ಡಿಪೋದಲ್ಲಿ ಓದಿದ ಅದೇ ವಿದಾಯದ ಮಾತು ಕೊರೆದಿದ್ದಾರೆ.

ಒಳಗೆ ಹೋಗಲು ದುಡ್ಡಿಲ್ಲ, ಬ್ಯಾಗ್ ತಪಾಸಣೆ ಇರುತ್ತದೆ. ಗುಮ್ಮಟದ ಕೆಳಗೆ ನಿಂತು ಕತ್ತೆತ್ತಿದರೆ ಬಣ್ಣದ ಗಾಜಿನಲ್ಲಿ ರಾಜ್ಯದ ಮುದ್ರೆ ಹೊಳೆಯುತ್ತದೆ. ನಡುವೆ ಕೈ ಚಾಚಿ ನಿಂತ ಹೆಣ್ಣಿನ ಕಂಚಿನ ಪ್ರತಿಮೆ ಇದೆ. ಹೆಸರು 'ಜಗತ್ತನ್ನು ಸ್ವಾಗತಿಸುವ ಇಲಿನಾಯ್'. ಜೂಲಿಯಾ ಬ್ರಾಕನ್ ಇದನ್ನು ರೂಪಿಸಿದ್ದು 1893ರ ಶಿಕಾಗೋ ವಿಶ್ವ ಮೇಳಕ್ಕೆ. ವಿವೇಕಾನಂದರು ಮಾತಾಡಿದ ಸರ್ವಧರ್ಮ ಸಮ್ಮೇಳನ ನಡೆದದ್ದು ಅದೇ ಮೇಳದ ಅಂಗವಾಗಿ. ಇದನ್ನು ಹೇಳಿದ ಮೇಲೆ ಮಾವ ಆ ಪ್ರತಿಮೆಯ ಮುಂದೆ ನಿಂತು ಫೋಟೋ ತೆಗೆಸಿಕೊಂಡರು.

ಹಂತ 7: ಕಾಲಲ್ಲಿ ಇನ್ನೂ ಶಕ್ತಿ ಇದ್ದರೆ

ಪೂರ್ವಕ್ಕೆ ಬರುತ್ತಾ 4ನೇ, 5ನೇ ಸ್ಟ್ರೀಟ್ ನಡುವೆ 1855ರ ಗವರ್ನರ್ ಬಂಗಲೆ, ಅದರ ದಕ್ಷಿಣಕ್ಕೆ ಕವಿ ವೇಚಲ್ ಲಿಂಡ್ಸೆ ಮನೆ. ಎರಡನ್ನೂ ಹೊರಗಿಂದ ನೋಡಿದರೆ ಸಾಕು. ಸಮಯವನ್ನು 4ನೇ ಸ್ಟ್ರೀಟ್ ಮತ್ತು ಲಾರೆನ್ಸ್ ಅವೆನ್ಯೂ ಮೂಲೆಯ ಡಾನಾ-ಥಾಮಸ್ ಮನೆಗೆ ಉಳಿಸಿಕೊಳ್ಳಿ. ಸೂಸನ್ ಲಾರೆನ್ಸ್ ಡಾನಾ ಅವರಿಗಾಗಿ ಫ್ರಾಂಕ್ ಲಾಯ್ಡ್ ರೈಟ್ 1902ರಿಂದ 1904ರವರೆಗೆ ಕಟ್ಟಿದ ಮನೆ. 35 ಕೋಣೆ. ನಿಗದಿತ ಹೊತ್ತಿಗೆ ಗೈಡ್ ಒಳಗೆ ಕರೆದುಕೊಂಡು ಹೋಗುತ್ತಾರೆ. ಬಾಗಿಲ ಹತ್ತಿರ ಚಾವಣಿ ತಗ್ಗು, ನಮ್ಮ ಹಳೇ ಮನೆಗಳ ತಲೆಬಾಗಿಲು ನೆನಪಾಗುತ್ತದೆ. ಎರಡು ಹೆಜ್ಜೆ ಇಟ್ಟರೆ ಮನೆ ಒಮ್ಮೆಗೇ ಮೇಲಕ್ಕೆ ತೆರೆದುಕೊಳ್ಳುತ್ತದೆ. ಕಿಟಕಿ, ದೀಪ ಎಲ್ಲದರಲ್ಲೂ ಸುಮಾಕ್ ಅನ್ನುವ ಇಲ್ಲಿನ ಗಿಡದ ಎಲೆಯ ಚಿತ್ತಾರ. ಸಂಜೆ ಬಿಸಿಲು ಆ ಗಾಜಿಗೆ ಬಿದ್ದಾಗ ನೆಲದ ಮೇಲೆ ಬಣ್ಣ ಬೀಳುತ್ತದೆ.

ಒಂದೇ ದಿನ ಇದ್ದರೆ ಮ್ಯೂಸಿಯಂ ಮತ್ತು ಈ ಮನೆ ಎರಡನ್ನೂ ಒಳಗಿಂದ ನೋಡಲು ಹೋಗಬೇಡಿ, ಯಾವುದೂ ಮನಸ್ಸಿಗೆ ಇಳಿಯುವುದಿಲ್ಲ. ಮಕ್ಕಳಿದ್ದರೆ ಮ್ಯೂಸಿಯಂ, ಹಿರಿಯರೇ ಜಾಸ್ತಿ ಇದ್ದರೆ ಈ ಮನೆ. ಇಲ್ಲಿಂದ ಕಾರು ನಿಲ್ಲಿಸಿದ 7ನೇ ಸ್ಟ್ರೀಟ್‌ಗೆ ಆರು ಬ್ಲಾಕ್.

ಹಂತ 8: ಸಮಾಧಿ, ಕಾರಿನಲ್ಲಿ

ಇದು ಪೇಟೆಯಲ್ಲಿಲ್ಲ. ಉತ್ತರಕ್ಕೆ ಸುಮಾರು ಎರಡು ಮೈಲಿ ದೂರದ ಓಕ್ ರಿಡ್ಜ್ ಸ್ಮಶಾನದಲ್ಲಿದೆ. ಮುಚ್ಚುವ ಸಮಯ ನೋಡಿಕೊಂಡು ಹೋಗಿ. ರಾತ್ರಿ ಉಳಿಯುವವರು ಮಾರನೇ ಬೆಳಿಗ್ಗೆ ಹೋದರೆ ಜನ ಕಡಿಮೆ. ಬಾಗಿಲ ಮುಂದೆ ಲಿಂಕನ್‌ರ ದೊಡ್ಡ ಕಂಚಿನ ತಲೆ, ಬಂದವರೆಲ್ಲ ಮೂಗು ಸವರಿ ಸವರಿ ಅದು ಮಾತ್ರ ಬಂಗಾರದ ಹಾಗೆ ಹೊಳೆಯುತ್ತದೆ. ಮಕ್ಕಳನ್ನು ಎತ್ತಿ ಹಿಡಿಯಿರಿ, ಅವರಿಗೂ ಮುಟ್ಟಬೇಕು.

ಒಳಗೆ ಮಾತು ಕಡಿಮೆ ಮಾಡಿ. ಓಣಿಯಂಥ ದಾರಿ ಸುತ್ತಿ ಹೋದರೆ ಕೆಂಪು ಕಲ್ಲಿನ ಗುರುತು ಕಾಣುತ್ತದೆ. ಲಿಂಕನ್ ಇರುವುದು ಅದರ ಕೆಳಗೆ, ಹತ್ತು ಅಡಿ ಆಳದಲ್ಲಿ, ಕಾಂಕ್ರೀಟಿನೊಳಗೆ. 1876ರಲ್ಲಿ ದೇಹವನ್ನು ಕದಿಯಲು ಕಳ್ಳರು ಬಂದಿದ್ದರು, ಅದಕ್ಕೇ 1901ರಲ್ಲಿ ಹೀಗೆ ಭದ್ರ ಮಾಡಿದರು. ಅಲ್ಲೇ ತಿರುಗಿ ಎದುರಿನ ಗೋಡೆ ನೋಡಿ. ಮೇರಿ ಇದ್ದಾರೆ, ವಿಲ್ಲಿ ಮತ್ತು ಟ್ಯಾಡ್ ಇದ್ದಾರೆ. ಬೇರೆ ಸ್ಮಶಾನದಿಂದ ತಂದು ಅಪ್ಪನ ಹತ್ತಿರ ಇಟ್ಟ ಎಡ್ಡಿಯ ಹೆಸರೂ ಅದೇ ಗೋಡೆಯಲ್ಲಿದೆ.